ಅಮಾಸಿ ಸೂಟಿ

ಬ್ರ್ಯಾಂಪ್ಟನ್,
೬ ಅಕ್ಟೋಬರ್ ೨೦೨೪, ಭಾನುವಾರ

ಪ್ರೀತಿಯ ರತ್ನಕ್ಕನಿಗೆ, ತಂಗಿ ಸೌಮ್ಯಾ ಮಾಡುವ ನಮಸ್ಕಾರ.

ನಾವೆಲ್ಲ ಆರಾಮಾಗಿದ್ದೇವೆ. ನಿನ್ನ ಮೊಣಕಾಲು ಹೇಗಿದೆ? ಬ್ಯಾಂಕಿನಲ್ಲಿ ನಿನ್ನನ್ನು ಮತ್ತೆ ಮೇಲಿನ ಮಹಡಿಗೇ ಹಾಕಿದ್ದಾರಂತೆ, ಅವರಿಗೇನು ಕಣ್ಣು ಕಾಣುವುದಿಲ್ಲವೇ? ಮಾಮಾ ಸಕ್ಕರೆ ಬಿಟ್ಟಿದ್ದಾರೋ, ಬಿಟ್ಟಂತೆ ಮಾಡುತ್ತಿದ್ದಾರೋ? ಶರ್ವಾಣಿಯ ಕುಬಸದ ಫೋಟೋ ನೋಡಿದೆವು. ಹಸಿರು ಸೀರೆ, ಹಸಿರು ಬಳೆ, ಮೈತುಂಬಿಕೊಂಡು ಎಷ್ಟು ಲಕ್ಷಣವಾಗಿ ಕಾಣುತ್ತಾಳೆ ನಿನ್ನ ಬಸುರಿ ಮಗಳು! ಅವ್ವ ಆ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿ, "ಕಾಲ ಬಾತಾವು, ಉಪ್ಪ ಕಡಿಮಿ ತಿನ್ನಂತ ಹೇಳ" ಎಂದಿದ್ದಾಳೆ. ಹೇಳಿದ್ದೇನೆ, ಮರೆಯಬೇಡ.

ಈ ಕಾಲದಲ್ಲಿ ಕಾಗದವೇಕೆ ಎಂದು ನಗುತ್ತೀಯೇನೋ. ಫೋನಿನಲ್ಲಿ ನಿನ್ನ ಹತ್ತಿರ ಜಗಳವಾಡಲು ಆಗುವುದಿಲ್ಲ. ನನಗೆ ಸಿಟ್ಟು ಏರುವ ಹೊತ್ತಿಗೆ ಸರಿಯಾಗಿ ನಿನ್ನ ಕುಕ್ಕರ್ ಸೀಟಿ ಹೊಡೆಯುತ್ತದೆ. ವಾಟ್ಸಾಪಿನಲ್ಲಿ ಬರೆದರೆ ಕೈ ಮುಗಿದ ಎರಡು ಚಿತ್ರ ಕಳಿಸಿ ಸುಮ್ಮನಾಗುತ್ತೀ. ಆ ಕೈಗಳು ನಮಸ್ಕಾರವೋ, ಸಾಕು ಮಾಡು ಎಂದೋ, ನನಗೆ ಇವತ್ತಿಗೂ ತಿಳಿದಿಲ್ಲ. ಕಾಗದವಾದರೆ ನೀನು ಪೂರ್ತಿ ಓದುತ್ತೀ. ಸಣ್ಣವಳಿದ್ದಾಗ ಕಡಲೆ ಕಟ್ಟಿಕೊಟ್ಟ ಕಾಗದವನ್ನೂ ಬಿಡದೆ ಓದುತ್ತಿದ್ದವಳು ನೀನು.

ಮೊದಲಿನಿಂದ ಹೇಳುತ್ತೇನೆ. ನಾನು ಕೆಲಸ ಮಾಡುವ ವೇರ್‌ಹೌಸಿನ ಲಂಚ್ ರೂಮಿನಲ್ಲಿ ಒಂದು ಕಪಾಟಿದೆ. ಓದಿ ಮುಗಿದ ಪುಸ್ತಕವನ್ನು ಯಾರು ಬೇಕಾದರೂ ಇಡಬಹುದು, ಯಾರು ಬೇಕಾದರೂ ಒಯ್ಯಬಹುದು. ಹೆಚ್ಚಿನವು ತೂಕ ಇಳಿಸುವ ಪುಸ್ತಕಗಳು, ಇಳಿಸಿಕೊಳ್ಳಲಾಗದವರು ಬಿಟ್ಟುಹೋದವು. ಅವುಗಳ ನಡುವೆ ಹೋದ ಚಳಿಗಾಲದಲ್ಲಿ ರಟ್ಟು ಕಿತ್ತುಹೋದ ಒಂದು ಕಾದಂಬರಿ ಸಿಕ್ಕಿತು. ನಾರ್ವೆ ದೇಶದ್ದು, ಇಂಗ್ಲಿಷಿಗೆ ಬಂದದ್ದು. ಮೊದಲ ಹಾಳೆಗಳೇ ಇರಲಿಲ್ಲವಾದ್ದರಿಂದ ಬರೆದವರ ಹೆಸರು ಗೊತ್ತಿಲ್ಲ. ಬರೆದವಳು ಹೆಂಗಸು ಎನ್ನುವುದು ಮಾತ್ರ ನಾಲ್ಕು ಪುಟಕ್ಕೇ ಗೊತ್ತಾಯಿತು, ಯಾಕೆಂದರೆ ಊಟವಾದ ಮೇಲೆ ಪಾತ್ರೆ ತೊಳೆದದ್ದನ್ನೂ ಬರೆದಿದ್ದಾಳೆ. ನೂರು ವರ್ಷದ ಹಿಂದಿನ ಕಥೆ. ಸಮುದ್ರದ ದಂಡೆಯ ಊರು, ಮೀನನ್ನು ಡಬ್ಬಿಗೆ ತುಂಬುವ ಕಾರ್ಖಾನೆ, ಅಲ್ಲಿ ದುಡಿಯುವ ಹೆಂಗಸರು. ಕೊಲೆಯಿಲ್ಲ, ರಾಜಕುಮಾರನಿಲ್ಲ. ಬೆರಿತ್ ಎಂಬಾಕೆ ಏಳುತ್ತಾಳೆ, ಒಲೆ ಹಚ್ಚುತ್ತಾಳೆ, ಮಕ್ಕಳಿಗೆ ಗಂಜಿ ಕಾಯಿಸಿಟ್ಟು ಕಾರ್ಖಾನೆಗೆ ಹೋಗುತ್ತಾಳೆ, ಬರುತ್ತಾಳೆ, ಮತ್ತೆ ಒಲೆ. ಮುನ್ನೂರು ಪುಟ ಇಷ್ಟೇ. ಆದರೂ ಕೆಳಗಿಡಲಾಗಲಿಲ್ಲ ಅಕ್ಕ. ಅವರ ಮೇಸ್ತ್ರಿ ಕೈಯಲ್ಲಿ ಗಡಿಯಾರ ಹಿಡಿದು ಬೆನ್ನ ಹಿಂದೆ ನಿಲ್ಲುತ್ತಾನೆ. ನನಗೆ ಆ ಮೇಸ್ತ್ರಿಯೂ ಇಲ್ಲ, ಕೈಯಲ್ಲಿರುವ ಸ್ಕ್ಯಾನರೇ ಮೇಸ್ತ್ರಿ, ವಾಶ್‌ರೂಮಿನಲ್ಲಿ ಎಷ್ಟು ನಿಮಿಷ ಇದ್ದೆ ಎನ್ನುವುದೂ ಅದಕ್ಕೆ ಗೊತ್ತು. ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿ ಇಲ್ಲಿ ಪೆಟ್ಟಿಗೆಗೆ ಟೇಪು ಹಚ್ಚುತ್ತಾ ಹನ್ನೊಂದು ವರ್ಷವಾಯಿತು. ಮೊದಲ ಸಲ ಯಾರೋ ನನ್ನ ಬಗ್ಗೆ ಬರೆದಿದ್ದಾರೆ ಅನ್ನಿಸಿತು.

ಅದರ ಒಂದು ಅಧ್ಯಾಯವನ್ನು ಕನ್ನಡಕ್ಕೆ ಮಾಡಿದೆ. ಒಂದು ಭಾನುವಾರ ಜನಗಣತಿಯವನು ಮನೆಗೆ ಬರುತ್ತಾನೆ. ಬೆರಿತ್ ಒಲೆಯ ಪಕ್ಕದಲ್ಲಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ಅವನು ಗಂಡನ ಉದ್ಯೋಗ ಬರೆದುಕೊಂಡು, ಇವರದ್ದು ಎಂದು ಕೇಳುತ್ತಾನೆ. ಏನೂ ಇಲ್ಲ, ಮನೆಯಲ್ಲೇ ಇರುತ್ತಾಳೆ ಎನ್ನುತ್ತಾನೆ ಗಂಡ. ಅವಳ ಕೈಯಿಂದ ಮೀನಿನ ವಾಸನೆ ಇನ್ನೂ ಹೋಗಿಲ್ಲ. ಅವಳು ಏಳುವುದಿಲ್ಲ, ಕೂಗಾಡುವುದಿಲ್ಲ. ಕೂತಲ್ಲಿಂದಲೇ ಹೇಳುತ್ತಾಳೆ: "ನಾನು ಕೆಲಸದಾಕಿ. ಇವತ್ತು ಸೂಟಿ." ಇಂಗ್ಲಿಷಿನಲ್ಲಿ ಇದ್ದದ್ದು ವರ್ಕಿಂಗ್ ವುಮನ್ ಎಂದು. ನನ್ನ ಪೆನ್ನಿಗೆ ತಾನಾಗಿ ಬಂದದ್ದು ಕೆಲಸದಾಕಿ. ಬರೆದ ಮೇಲೆ ಎರಡು ಸಲ ಗಟ್ಟಿಯಾಗಿ ಓದಿದೆ. ಆಮೇಲೆ, ಇದನ್ನು ಬದಲಿಸಬಾರದು ಎಂದುಕೊಂಡೆ. ಯಾಕೆಂದು ನಿನಗೆ ಹೇಳಬೇಕಾಗಿಲ್ಲ.

ಇಲ್ಲಿಯ ಕನ್ನಡ ಕೂಟದವರು ರಾಜ್ಯೋತ್ಸವಕ್ಕೆ ಒಂದು ಸಂಚಿಕೆ ತರುತ್ತಾರೆ. ಅದರ ಸಂಪಾದಕರು ರಾಮಮೂರ್ತಿ ಎಂದು, ಮೈಸೂರಿನವರು, ಎಂಜಿನಿಯರಾಗಿ ನಿವೃತ್ತರಾಗಿ ಮಿಲ್ಟನ್ನಿನಲ್ಲಿ ಇದ್ದಾರೆ. ಒಳ್ಳೆಯವರೇ. ಆದರೆ ನನ್ನ ಅರ್ಧ ಗಂಟೆಯ ಊಟದ ಹೊತ್ತಿಗೇ ಅವರಿಗೆ ಕನ್ನಡದ ಚಿಂತೆ ಹುಟ್ಟುತ್ತದೆ. "ಕೆಲಸದಾಕಿ ಅಂದ್ರೆ ಮನೆಕೆಲಸದೋಳು ಅಂತ ಅರ್ಥ ಬರುತ್ತಮ್ಮ. ಶ್ರಮಜೀವಿ ಮಹಿಳೆ ಅಂತ ಹಾಕೋಣ, ಗೌರವವಾಗಿರುತ್ತೆ" ಎಂದರು. ಮೀನು ಕುಯ್ಯುವಾಕಿ ಒಲೆಯ ಮುಂದೆ ಕೂತು 'ನಾನು ಶ್ರಮಜೀವಿ ಮಹಿಳೆ' ಎಂದರೆ ಗಣತಿಯವನು ಭಾಷಣ ಶುರುವಾಯಿತೆಂದು ಓಡಿಹೋಗುತ್ತಾನೆ ಸಾರ್ ಎಂದೆ. ಅವರು ನಗಲಿಲ್ಲ. ಮರುದಿನ ಮತ್ತೆ ಫೋನು. ಸಂಚಿಕೆಯನ್ನು ಊಟದ ಕೂಪನ್ ಜೊತೆ ಹಂಚುತ್ತಾರಂತೆ, ಮೀನಿನ ಕರುಳು ತೆಗೆಯುವ ಒಂದು ಪುಟ ಅಲ್ಲಿ ಚೆನ್ನಾಗಿರುವುದಿಲ್ಲವಂತೆ, ಕಾರ್ಖಾನೆಯನ್ನು ತರಕಾರಿಯದ್ದು ಮಾಡಬಹುದೇ ಎಂದು ಕೇಳಿದರು. ನಾರ್ವೆಯ ಸಮುದ್ರದಲ್ಲಿ ಬಲೆ ಬೀಸಿದರೆ ಬದನೆಕಾಯಿ ಬರುತ್ತದೆಯೇ ಅಕ್ಕ? ಕೊನೆಗೆ ಮೀನಿನ ವಿಷಯದಲ್ಲಿ ಅವರು ಸೋತರು. ಕೆಲಸದಾಕಿಯ ವಿಷಯ ಮಾತ್ರ, "ಯೋಚನೆ ಮಾಡಿ, ಸೋಮವಾರದೊಳಗೆ ಹೇಳಿ" ಎಂದು ನನ್ನ ತಲೆಗೇ ಕಟ್ಟಿದರು. ಸೋಮವಾರ ಎಂದರೆ ನಾಳೆ.

ಇಷ್ಟೇ ಆಗಿದ್ದರೆ ನಾನು ನಿಭಾಯಿಸುತ್ತಿದ್ದೆ. ಅಧ್ಯಾಯದ ಮೇಲೆ ಒಂದು ಸಾಲಿನ ಅರ್ಪಣೆ ಬರೆದಿದ್ದೆ. 'ಮಾಳಮಡ್ಡಿಯ ನಾಲ್ಕು ಮನೆಗಳ ಕೆಲಸದಾಕಿ, ನಮ್ಮವ್ವ ನಿಂಗವ್ವನಿಗೆ.' ಖುಷಿಯಿಂದ ಅದರ ಫೋಟೋ ತೆಗೆದು ನಿನಗೆ ಕಳಿಸಿದೆ. ನಿನ್ನಿಂದ ಬಂದದ್ದು ಮೂರು ನಿಮಿಷದ ವಾಯ್ಸ್ ಮೆಸೇಜು. ನೀನು ಏನು ಹೇಳಿದ್ದೆ ಎಂದು ನೆನಪಿದೆಯೇ? "ಸೌಮಿ, ಆ ಒಂದ ಸಾಲ ತಗದಬಿಡ. ಶರ್ವಾಣಿ ಮಾವನ ತಮ್ಮ ಅಲ್ಲೇ ಮಿಸಿಸಾಗಾದಾಗ ಇರ್ತಾನ, ಅವನ ಕೈಗೆ ಈ ಪುಸ್ತಕ ಸಿಕ್ಕ ಸಿಗತೈತಿ. ನಾವು ಬೀಗರಿಗೆ ಅವ್ವ ಸಾಲ್ಯಾಗ ಇದ್ಲು ಅಂತ ಹೇಳೀವಿ." ಶಾಲೆಯಲ್ಲಿ ಇದ್ದಳು! ಹೆಡ್‌ಮಾಸ್ತರರ ಮನೆಯ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ನಿನ್ನ ಬಾಯಲ್ಲಿ ಶಾಲೆಗೆ ಬಡ್ತಿ ಪಡೆದಳು. ಅದೇ ಮೆಸೇಜಿನ ಕೊನೆಗೆ, ಉಸಿರೂ ಬದಲಿಸದೆ, "ನವೆಂಬರ್ ಕಡಿಗೆ ಅವ್ವನ್ನ ಕಳಸ. ಶರ್ವಾಣಿ ಬಾಣಂತನ ಅವ್ವ ಬಿಟ್ರ ಯಾರ ಮಾಡ್ತಾರ? ನನಗ ಬ್ಯಾಂಕಿನಾಗ ರಜಾ ಕೊಡಂಗಿಲ್ಲ" ಎಂದೆ. ಕೆಲಸ ಬೇಕು, ಕೆಲಸದಾಕಿ ಬೇಡ. ನನಗೆ ಮೈಯೆಲ್ಲ ಉರಿಯಿತು.

ಇನ್ನೊಂದು ಮಾತು. ನಿನ್ನ ಧ್ವನಿ ಕೇಳಿದರೆ ಅವ್ವನಿಗೆ ಸಂತೋಷ ಎಂದು ನಿನ್ನ ಮೆಸೇಜುಗಳನ್ನು ಅಡುಗೆಮನೆಯಲ್ಲಿ ಸ್ಪೀಕರಿಗೆ ಹಾಕಿಯೇ ಕೇಳುವುದು ನನ್ನ ರೂಢಿ. ಅವತ್ತೂ ಹಾಗೇ ಹಾಕಿದ್ದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಿನ್ನ ಮಾತು ಮುಗಿಯುವವರೆಗೆ ಬಡಿಯುತ್ತಲೇ ಇದ್ದಳು. ಮುಗಿದ ಮೇಲೆ ರೊಟ್ಟಿ ತಿರುವಿ ಹಾಕಿದಳು.

ನಾನು ಮಾತ್ರ ಎರಡು ದಿನ ಮನೆಯಲ್ಲಿ ಹಾರಾಡಿದೆ. ನಿನ್ನನ್ನೂ ರಾಮಮೂರ್ತಿಯವರನ್ನೂ ಒಂದೇ ದಾರಕ್ಕೆ ಪೋಣಿಸಿ ಬೈದೆ. ಅವ್ವನಿಗೆ ನ್ಯಾಯ ಕೊಡಿಸುತ್ತೇನೆ ಎಂದು, ಹೋದ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆ ಅಧ್ಯಾಯವನ್ನು ಅವಳಿಗೆ ಓದಿ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ ಕೇಳಿದಳು. ಬೆರಿತ್ ಎನ್ನುವುದು ಅವಳ ಬಾಯಲ್ಲಿ ಬೀರವ್ವ ಆಯಿತು. "ಬೀರವ್ವನ ಗಂಡ ಏನ ಮಾಡ್ತಾನ?" ದೋಣಿಯಲ್ಲಿ ಹೋಗುತ್ತಾನೆ ಎಂದೆ. "ಅಂದ್ರ ಕುಡೀತಾನ" ಎಂದು ತಾನೇ ತೀರ್ಮಾನ ಮಾಡಿದಳು, ಅದು ನಿಜವೂ ಆಗಿತ್ತು. ಕೈಯ ವಾಸನೆ ಹೋಗುವುದಿಲ್ಲ ಎಂಬಲ್ಲಿಗೆ ಬಂದಾಗ, "ಹುಣಸಿಹಣ್ಣ ಹಚ್ಚಿ ತಿಕ್ಕಬೇಕ, ಪಾಪ, ಆ ದೇಶದಾಗ ಹುಣಸಿಹಣ್ಣ ಎಲ್ಲಿ ಸಿಗಬೇಕ" ಎಂದು ನೊಂದುಕೊಂಡಳು. 'ಇವತ್ತು ಸೂಟಿ' ಎಂಬ ಮಾತಿಗೆ ಅವಳ ಕೈ ನಿಂತಿತು. "ಬೀರವ್ವಗ ಅಮಾಸಿ ಸೂಟಿ ಇದ್ದಿದ್ದಿಲ್ಲೇನು?" ಎಂದಳು. ಅಲ್ಲಿ ಅಮಾವಾಸ್ಯೆ ಇಲ್ಲವ್ವ, ಭಾನುವಾರ ಎಂದೆ. ಮತ್ತೆ ಕಾಯಿ ಕೈಗೆತ್ತಿಕೊಂಡು, "ಮಾನೌಮಿ ಅಮಾಸಿ ಯಾವಾಗ ಐತಿ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ, ನಿನ್ನ ಮೊಮ್ಮಗಳು ಸಾಹಿತ್ಯಾನ ಕೇಳು ಎಂದು ನಾನು ಪುಸ್ತಕ ಮುಚ್ಚಿದೆ. ಆಮೇಲೆ ಅಜ್ಜಿ ಮೊಮ್ಮಗಳು ಫೋನು ಹಿಡಿದು ಏನೋ ಹುಡುಕುತ್ತಿದ್ದರು, ನಾನು ಗಮನ ಕೊಡಲಿಲ್ಲ.

ಬುಧವಾರ ಬೆಳಗ್ಗೆ ಎದ್ದರೆ ಮನೆಯಲ್ಲಿ ಚಹಾದ ವಾಸನೆ ಇಲ್ಲ. ಫೆಬ್ರವರಿಯಲ್ಲಿ ಅವ್ವ ಬಂದಾಗಿನಿಂದ ಚಹಾ ಕುದಿಯುವ ಸಪ್ಪಳಕ್ಕೇ ಏಳುವುದು ನನ್ನ ಅಭ್ಯಾಸ. ಓಡಿಬಂದು ನೋಡಿದರೆ ಅವ್ವ ಸೋಫಾದ ಮೇಲೆ ಇಲಕಲ್ ಸೀರೆ ಉಟ್ಟು, ತಲೆ ಎರೆದುಕೊಂಡು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ಮೈಯಲ್ಲಿ ಹುಷಾರಿಲ್ಲವೇ ಎಂದು ಹಣೆ ಮುಟ್ಟಿದೆ. ತಣ್ಣಗಿತ್ತು. "ಇವತ್ತ ಅಮಾಸಿ" ಎಂದಳು. ಸರಿ ಪೂಜೆ ಮಾಡು, ಅದಕ್ಕೇನು, ಸಾಹಿತ್ಯಾಳ ಡಬ್ಬಿ ಎಲ್ಲಿ ಎಂದೆ. "ಇವತ್ತ ಅಮಾಸಿ, ನನಗ ಸೂಟಿ" ಎಂದಳು. ಅಷ್ಟರಲ್ಲಿ ಸಾಹಿತ್ಯಾ ಮೆಟ್ಟಿಲಿಳಿದು ಬಂದು ಫ್ರಿಜ್ಜಿನ ಮೇಲಿನ ಕ್ಯಾಲೆಂಡರ್ ತೋರಿಸಿದಳು. ಎರಡನೇ ತಾರೀಖಿಗೆ ಕೆಂಪು ಸುತ್ತು, ಒಳಗೆ ಇಂಗ್ಲಿಷಿನಲ್ಲಿ 'ಅಜ್ಜಿ ಆಫ್'. "ಶಿ ಗೇವ್ ನೋಟಿಸ್, ಅಮ್ಮ. ಥ್ರೀ ಡೇಸ್" ಎಂದಳು. ಹದಿಮೂರು ವರ್ಷದ ವಕೀಲೆ.

ನನ್ನ ಗತಿ ಯೋಚಿಸು ಅಕ್ಕ. ನಮ್ಮ ಮನೆಯವರು ಟ್ರಕ್ ತೆಗೆದುಕೊಂಡು ವಿಂಡ್ಸರ್ ಕಡೆ ಹೋಗಿದ್ದರು. ನನಗೆ ಎಂಟಕ್ಕೆ ಶಿಫ್ಟು. ಹಿಂದಿನ ದಿನದ ಪಾತ್ರೆಗಳು ಸಿಂಕಿನಲ್ಲಿ, ರೊಟ್ಟಿ ಇಲ್ಲ, ಪಲ್ಯ ಇಲ್ಲ, ನನ್ನ ಯೂನಿಫಾರ್ಮು ವಾಷರಿನಲ್ಲಿ ಒದ್ದೆಯಾಗಿ ಬಿದ್ದಿತ್ತು. ಸ್ಕೂಲ್ ಬಸ್ಸು ತಪ್ಪಿತು. ನಾನು ಸಾಹಿತ್ಯಾಳನ್ನು ಬಿಟ್ಟು ಒದ್ದೆ ಅಂಗಿಯಲ್ಲೇ ಕೆಲಸಕ್ಕೆ ಹೋಗಿ, ತಡವಾಗಿದ್ದಕ್ಕೆ ಸೂಪರ್‌ವೈಸರಿನಿಂದ ಬೈಸಿಕೊಂಡೆ. ಆದರೆ ಹೊರಡುವ ಮುಂಚೆ, ಬಾಗಿಲಲ್ಲಿ ನಿಂತು, ಬೂಟು ಕಟ್ಟಿಕೊಳ್ಳುತ್ತ, ಅವ್ವನ ಮೇಲೆ ಕೂಗಿದೆ. ಏನೆಂದು ಕೂಗಿದೆ ಎನ್ನುವುದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯುತ್ತೇನೆ. "ನೀ ಏನ ಈ ಮನಿ ಕೆಲಸದಾಕಿ ಏನವ್ವ, ಸೂಟಿ ಕೇಳಾಕ?" ಎಂದೆ. ರಾಮಮೂರ್ತಿಯವರ ಹತ್ತಿರ ಒಂದು ವಾರ ಯಾವ ಶಬ್ದಕ್ಕಾಗಿ ಗುದ್ದಾಡಿದೆನೋ ಅದೇ ಶಬ್ದ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಅವ್ವನಿಗೆ ಸಿಟ್ಟು ಬರಲಿಲ್ಲ. ಕೂತಲ್ಲಿಂದ ಏಳಲೂ ಇಲ್ಲ. "ಕೆಲಸದಾಕಿ ಆಗಿದ್ರ ಕೇಳೂದ ಬ್ಯಾಡಾಗಿತ್ತು" ಎಂದಳು.

ಅವತ್ತಿಡೀ ದಿನ ಟೇಪು ಹಚ್ಚುವಾಗ ಅದೇ ಮಾತು ಕಿವಿಯಲ್ಲಿ. ಎಷ್ಟು ನಿಜ ನೋಡು. ಮಾಳಮಡ್ಡಿಯ ನಾಲ್ಕೂ ಮನೆಗಳಲ್ಲಿ ಮೊದಲ ದಿನವೇ ಅವ್ವ ಮಾತು ಮಾಡಿಕೊಳ್ಳುತ್ತಿದ್ದಳು, ಅಮಾಸಿಗೆ ಬರಂಗಿಲ್ಲ ಎಂದು. ದಸರೆ ಮುಂಚಿನ ಮಾನೌಮಿ ಅಮಾವಾಸ್ಯೆಗೆ ಅವರ ಮನೆಗಳಲ್ಲಿ ಹಿರಿಯರ ಕಾರ್ಯ, ಗುಡ್ಡೆ ಪಾತ್ರೆ. ಮನೆಯೊಡತಿ ಬಾಯಿಯವರು ಹಿಂದಿನ ಸಂಜೆ ಹೆಬ್ಬಳ್ಳಿ ಅಗಸಿಯ ನಮ್ಮ ಮನೆಯವರೆಗೆ ಬಂದು ಗೋಗರೆದರೂ ಇವಳು ಜಪ್ಪಯ್ಯ ಅನ್ನುತ್ತಿರಲಿಲ್ಲ. ಎತ್ತಿಗೂ ಅಮಾಸಿ ದಿನ ನೊಗ ಹೂಡಂಗಿಲ್ಲ ಬಾಯಾರ ಅನ್ನುತ್ತಿದ್ದಳು. ಅವತ್ತು ನಮ್ಮಿಬ್ಬರನ್ನೂ ಹೊಸ್ತಿಲ ಹತ್ತಿರ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಬಾಚುತ್ತಿದ್ದಳು, ನೆನಪಿದೆಯಲ್ಲ? ಅಮಾವಾಸ್ಯೆ ದಿನ ಎಣ್ಣೆ ಹಚ್ಚಬಾರದು ಎಂದು ಓಣಿಯವರು ಅಂದರೆ, "ನನಗ ಸೂಟಿ ಇರೂದ ಇವತ್ತ" ಎನ್ನುತ್ತಿದ್ದಳು. ತಿಂಗಳಿಗೆ ಒಂದು ದಿನ ಅವಳ ಕೈ ಒಣಗಿರುತ್ತಿತ್ತು. ಇಲ್ಲಿ ಎಂಟು ತಿಂಗಳಲ್ಲಿ ಎಷ್ಟು ಅಮಾವಾಸ್ಯೆ ಬಂದುಹೋದವೋ ನಾನು ನೋಡಿಲ್ಲ. ಅವಳಿಗೆ ಸುಮ್ಮನೆ ಕೂತರೆ ಬೇಜಾರು, ಬೇಡವೆಂದರೂ ಕೇಳುವುದಿಲ್ಲ ಎಂದು ನಾನೇ ಊರಿಗೆಲ್ಲ ಹೇಳಿಕೊಂಡು ಬಂದೆ. ಬೇಡ ಎಂದು ಅವಳಿಗೆ ಯಾವತ್ತು ಹೇಳಿದ್ದೆ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಸಂಜೆ ಮನೆಗೆ ಬಂದಾಗ ಅವ್ವ ಸಾಹಿತ್ಯಾಳ ತಲೆ ಬಾಚುತ್ತಿದ್ದಳು. ನಾನು ಕೂದಲು ಮುಟ್ಟಿದರೆ ಹಾವು ಮುಟ್ಟಿದಂತೆ ಕಿರುಚುವ ಹುಡುಗಿ, ಎಣ್ಣೆ ಸುರಿಸಿಕೊಂಡು ತೆಪ್ಪಗೆ ಕೂತಿತ್ತು. ನಾನು ಪಾತ್ರೆ ತೊಳೆದೆ, ಅನ್ನ ಸಾರು ಮಾಡಿದೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು, ಅವ್ವ ಹೇಳದೆ ಬಿಡಲಿಲ್ಲ. ಊಟವಾದ ಮೇಲೆ ಅರ್ಪಣೆಯ ಹಾಳೆ ಅವಳ ಮುಂದೆ ಹಿಡಿದು, ಅಕ್ಕ ಹಿಂಗ ಅಂತಾಳ, ರಾಮಮೂರ್ತಿಯವರು ಹಂಗ ಅಂತಾರ, ನಾ ಏನ ಬರೀಲಿ ಎಂದು ಕೇಳಿದೆ. ನೋಡು, ಇಷ್ಟು ದಿನ ಅವಳ ಹೆಸರಿಗೆ ನಾವು ಮೂವರು ಹೊಡೆದಾಡಿದೆವು, ಅವಳನ್ನು ಕೇಳಿರಲಿಲ್ಲ. "ಅವ್ವ ಅಂತ ಅಷ್ಟ ಬರದರ ಎಲ್ಲಾ ಕೆಲಸ ನನ್ನ ಮೈಮ್ಯಾಲ ಬರತೈತಿ, ಸೂಟಿ ಇಲ್ಲ ಸಾಟಿ ಇಲ್ಲ" ಎಂದು ನಕ್ಕಳು. "ಎರಡೂ ಬರಿ. ಕೆಲಸದಾಕಿ ಅನ್ನೂದ ಮೊದಲ ಬರಿ."

ಹಾಗೇ ಬರೆದಿದ್ದೇನೆ. ಮೊದಲೇ ಹಾಗೆ ಇತ್ತು, ಆದರೆ ಈಗ ಅದು ಅವಳ ಮಾತು. ರಾಮಮೂರ್ತಿಯವರಿಗೆ ಇವತ್ತೇ ಫೋನು ಮಾಡಿ ಒಂದಕ್ಷರ ಬದಲಿಸುವುದಿಲ್ಲ ಎಂದೆ. 'ಲೇಖಕಿಯ ಅಭಿಪ್ರಾಯ ಅವರದೇ' ಎಂದು ಕೆಳಗೆ ಹಾಕುತ್ತಾರಂತೆ, ಹಾಕಿಕೊಳ್ಳಲಿ. ಮಿಸಿಸಾಗಾದ ಬೀಗರು ಓದಲಿ. ನಿನ್ನ ಮೇಲೆ ನನಗೆ ಬಂದ ಸಿಟ್ಟು ಸುಳ್ಳಲ್ಲ ಅಕ್ಕ, ಆದರೆ ಬುಧವಾರದ ಆ ಕೂಗಾಟದ ನಂತರ ನಿನ್ನನ್ನು ಬೈಯುವ ಹಕ್ಕು ಅರ್ಧ ಹೋಯಿತು. ಉಳಿದ ಅರ್ಧವನ್ನು ಈ ಕಾಗದದಲ್ಲಿ ಖರ್ಚು ಮಾಡಿದ್ದೇನೆ. ನೀನು ಹೆದರಿದ್ದು ಮಗಳ ಸಲುವಾಗಿ ಎಂದು ಗೊತ್ತು. ನಾಲ್ಕು ಮನೆಯ ಪಾತ್ರೆಯಲ್ಲಿ ಓದಿ ಬ್ಯಾಂಕಿಗೆ ಸೇರಿದವಳು ನೀನು, ಎಂ.ಎ. ಮಾಡಿದವಳು ನಾನು. ಅದನ್ನು ಮುಚ್ಚಿಟ್ಟರೆ ನಮ್ಮ ಹತ್ತಿರ ಹೇಳಿಕೊಳ್ಳಲು ಬೇರೆ ಏನಿದೆ?

ಈ ಕಾಗದ ನಿನ್ನ ಕೈ ಸೇರುವಾಗ ದಸರೆ ಮುಗಿದಿರುತ್ತದೆ. ಇಲ್ಲಿ ಬನ್ನಿ ಸೊಪ್ಪು ಸಿಗುವುದಿಲ್ಲ, ಕೊಟ್ಟೆ ಎಂದು ತಿಳಿದುಕೋ. ಜಗಳ ಜಗಳದ ಜಾಗದಲ್ಲಿರಲಿ, ನಾವು ಬಂಗಾರದಂತೆ ಇರೋಣ. ಮಾಮಾನಿಗೆ ನಮಸ್ಕಾರ ತಿಳಿಸು, ಶರ್ವಾಣಿಯ ಹೊಟ್ಟೆ ತಣ್ಣಗಿರಲಿ ಎಂದು ಚಿಕ್ಕಮ್ಮನ ಹಾರೈಕೆ ಹೇಳು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ.

ನಿನ್ನ ತಂಗಿ,
ಸೌಮ್ಯಾ

ತಾ.ಕ.: ಕವರು ಅಂಟಿಸಲು ಹೋದರೆ ಅವ್ವ ತಡೆದಳು. ಮುಖ್ಯ ಮಾತೇ ಬರೆದಿಲ್ಲವಂತೆ. ಬಾಣಂತನಕ್ಕೆ ಬರುತ್ತಾಳೆ, ನವೆಂಬರ್ ಇಪ್ಪತ್ತೆಂಟಕ್ಕೆ ಇಲ್ಲಿಂದ ಹೊರಟರೆ ಮೂವತ್ತಕ್ಕೆ ಹುಬ್ಬಳ್ಳಿ. ಎಣ್ಣೆ ನೀರು, ಅಂಟಿನುಂಡಿ, ಮಗುವಿನ ಬಟ್ಟೆ ಎಲ್ಲ ಮಾಡುತ್ತಾಳೆ. ಆದರೆ ಅಮಾವಾಸ್ಯೆಗೆ ಸೂಟಿ, ಅವತ್ತು ನೀನು ಬ್ಯಾಂಕಿಗೆ ರಜೆ ಹಾಕಿ ತಾಯಿ ಮಗುವಿಗೆ ನೀರು ಹಾಕಬೇಕು. ಬೀಗರು ಯಾರು ಇವರು ಎಂದು ಕೇಳಿದರೆ ಅವಳೇ ಹೇಳುತ್ತಾಳೆ, ನೀನು ಮಧ್ಯೆ ಶಾಲೆ ಕಟ್ಟಬೇಡ. ಒಪ್ಪಿಗೆಯನ್ನು ಕೈಯಲ್ಲಿ ಬರೆದು, ಸಹಿ ಮಾಡಿ, ಫೋಟೋ ಕಳಿಸು. ಸಾಹಿತ್ಯಾ ಅದನ್ನು ಫ್ರಿಜ್ಜಿಗೆ ಅಂಟಿಸಿದ ಮೇಲೆಯೇ ಟಿಕೆಟ್ಟು. ಕೈ ಮುಗಿದ ಚಿತ್ರ ನಡೆಯುವುದಿಲ್ಲ. ಅವಳು ಬಂದ ಮರುದಿನವೇ, ಡಿಸೆಂಬರ್ ಒಂದಕ್ಕೆ, ಅಮಾವಾಸ್ಯೆ. ಬಂದ ಕೂಡಲೇ ಸೂಟಿಯೇ ಎಂದು ಗೊಣಗಬೇಡ. ಅವತ್ತು ಭಾನುವಾರ, ನಿನಗೂ ಬ್ಯಾಂಕಿಲ್ಲ ನಿಜ. ಆದರೆ ಅವತ್ತಿನ ಸೂಟಿ ಅವಳದು, ನಿನ್ನದಲ್ಲ.